ರಾತ್ರಿ ಆಟದ ಫೋಟೊ: 1500ಡಿ ಬಾಡಿ ಬದಲಿಸಬೇಕೋ, ಲೆನ್ಸ್ ಸಾಕೋ?

ಕೋಡಿಕರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮತ್ತು 55-250 ಮಿ.ಮೀ. ಲೆನ್ಸ್‌ಗಳು. ಹಗಲಿನ ಫೋಟೊಗಳ ಬಗ್ಗೆ ತಕರಾರಿಲ್ಲ. ಯಕ್ಷಗಾನ ಬಯಲಾಟದ ಫೋಟೊ ಮಾತ್ರ ಕೈಗೆ ಹತ್ತುತ್ತಿಲ್ಲ. ರಂಗಸ್ಥಳದಿಂದ ಐದಾರು ಮೀಟರ್ ದೂರ, ಎವಿ ಮೋಡ್ (ಅಪರ್ಚರ್, ಅಂದರೆ ಲೆನ್ಸಿನ ಬಾಯಿಯ ಅಗಲ, ನಾನು ಆರಿಸುವುದು; ಶಟರ್ ವೇಗ ಕ್ಯಾಮೆರಾದ್ದು), ಆಟೊ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ ಕ್ಯಾಮೆರಾಗೇ ಬಿಟ್ಟದ್ದು), ಜೆಪೆಗ್. ಹೆಚ್ಚಿನವು 18-55ರ ಉದ್ದದ ತುದಿಯಲ್ಲಿ ತೆಗೆದವು. ಚಿತ್ರದ ಮಾಹಿತಿ ತೆರೆದರೆ 1/60 ಸೆಕೆಂಡ್, ಎಫ್/5.6, ಐಎಸ್‌ಒ 6400 ಅಂತ ಇದೆ.

ಕುಣಿತ ಶುರುವಾದರೆ ಕೈ, ಕಿರೀಟ ಎಲ್ಲ ಎಳೆದಂತಾಗುತ್ತದೆ. ಮುಖ ಸುಣ್ಣ ಬಳಿದ ಹಾಗೆ ಬಿಳಿ, ಕೆಂಪು ಬಟ್ಟೆಯಲ್ಲಿ ನೆರಿಗೆಯೇ ಕಾಣದೆ ಮುದ್ದೆ. ಕಪ್ಪು ಹಿನ್ನೆಲೆಯಲ್ಲಿ ಕಾಳು ಕಾಳು. ಟಿವಿ ಮೋಡ್‌ಗೆ (ಶಟರ್ ವೇಗ ನಾವು ಆರಿಸುವುದು) ಹೋಗಿ ವೇಗವನ್ನು 1/500ಕ್ಕೆ ಏರಿಸಿದರೆ ಚಿತ್ರ ಕತ್ತಲು, ಜೊತೆಗೆ ಕೆಲವದರಲ್ಲಿ ಅಡ್ಡ ಪಟ್ಟೆ.

40,000 ರೂಪಾಯಿ ತೆಗೆದಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ 6ಡಿ ಬಾಡಿ 38,000ಕ್ಕೆ ಸಿಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಆದರೆ ಎಲ್ಲ ಸರಿಯಾಗುತ್ತದೆ ಅನ್ನುತ್ತಾರೆ. ಇನ್ನು ಕೆಲವರು, ಮೇಲೆ ಸ್ವಲ್ಪ ಸಾಲ ಮಾಡಿಯಾದರೂ ಕ್ಯಾನನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಆರ್50, ಲೆನ್ಸ್ ಸೇರಿದ ಕಿಟ್ ತಗೊಳ್ಳಿ ಅನ್ನುತ್ತಾರೆ. ಫ್ಲ್ಯಾಶ್ ಬಳಸುವ ಯೋಚನೆ ಇಲ್ಲ. ಯಾವುದು ಸರಿ?

ಅರ್ಧಸ್ಟಾಪ್

6ಡಿ ಬೇಡ. ಅದು ಕೆಟ್ಟ ಕ್ಯಾಮೆರಾ ಅಂತಲ್ಲ, ನಿಮ್ಮ ದುಡ್ಡು ತಪ್ಪು ಕಡೆಗೆ ಹೋಗುತ್ತದೆ.

ನಿಮ್ಮ ಎರಡೂ ಲೆನ್ಸ್ ಇಎಫ್-ಎಸ್ ಬಗೆಯವು, ಸಣ್ಣ ಸೆನ್ಸರಿನ ಕ್ಯಾಮೆರಾಗೆ ಮಾಡಿದವು. ಫುಲ್ ಫ್ರೇಮ್ 6ಡಿಗೆ ಅವು ಕೂರುವುದೇ ಇಲ್ಲ. 38,000 ಕೊಟ್ಟ ಮೇಲೆ ಕೈಯಲ್ಲಿ ಲೆನ್ಸಿಲ್ಲದ ಬಾಡಿ, ಜೇಬಿನಲ್ಲಿ 2,000.

ಇನ್ನು ಬೆಳಕಿನ ಲೆಕ್ಕ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. 6ಡಿಯ ಸೆನ್ಸರ್ ನಿಮ್ಮದಕ್ಕಿಂತ ವಿಸ್ತೀರ್ಣದಲ್ಲಿ ಸುಮಾರು 2.6 ಪಟ್ಟು ದೊಡ್ಡದು. ಕಾಳಿನ ವಿಷಯದಲ್ಲಿ ಅದರಿಂದ ಸಿಗುವ ಲಾಭ ಒಂದೂಕಾಲು, ಬಹಳವಾದರೆ ಒಂದೂವರೆ ಸ್ಟಾಪ್. ಅದೇ ಎಫ್/5.6ರಿಂದ ಎಫ್/2ಕ್ಕೆ ಬಂದರೆ (ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಬಾಯಿ ಅಗಲ) ಪೂರ್ತಿ ಮೂರು ಸ್ಟಾಪ್, ಎಂಟು ಪಟ್ಟು ಬೆಳಕು. ಅದಕ್ಕೆ ಬೇಕಾದ ಇಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಹೊಸದಾಗಿಯೇ 10,000ದ ಆಸುಪಾಸಿನಲ್ಲಿ ಬರುತ್ತದೆ.

ಅದಕ್ಕೂ ಮೊದಲು ನಿಮಗೆ ಪುಕ್ಕಟೆಯಾಗಿ ಸಿಗುವ ಒಂದು ಸ್ಟಾಪ್ ಇದೆ. ಮುಖ ಸುಣ್ಣದ ಹಾಗೆ ಸುಟ್ಟಿದೆ ಅಂದಿರಿ. ಅಂದರೆ ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚು ಬೆಳಕು ತೆಗೆದುಕೊಂಡಿದೆ. ಕಾರಣ ಸರಳ: ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ರಾತ್ರಿ, ಮೀಟರ್ ಅದನ್ನೂ ಬೂದು ಮಾಡಲು ಹೊರಡುತ್ತದೆ. ಹಾಗಾಗಿ ಅಲ್ಲಿ ಬೇಕಾಗಿದ್ದದ್ದು 1/60 ಅಲ್ಲ, 1/125. ಈಗ ಎಫ್/2 ಲೆನ್ಸ್‌ನ ಮೂರು ಸ್ಟಾಪ್ ಸೇರಿಸಿ. ಒಂದನ್ನು ವೇಗಕ್ಕೆ ಕೊಟ್ಟರೆ 1/250, ಉಳಿದ ಎರಡನ್ನು ಐಎಸ್‌ಒಗೆ ಕೊಟ್ಟರೆ 6400ರಿಂದ 1600. ಅದೇ ರಂಗಸ್ಥಳ, ಅದೇ ದೀಪ, ಅದೇ 1500ಡಿ.

6ಡಿಯ ನಡುವಿನ ಫೋಕಸ್ ಬಿಂದು -3 ಇವಿಯಷ್ಟು (ಇವಿ ಬೆಳಕಿನ ಅಳತೆ, ಒಂದು ಇಳಿದರೆ ಬೆಳಕು ಅರ್ಧ) ಕತ್ತಲಲ್ಲೂ ಕೆಲಸ ಮಾಡುತ್ತದೆ ಅನ್ನುವುದೇ ಅದನ್ನು ಮಾರುವವರ ದೊಡ್ಡ ಮಾತು. ನಿಜವೇ. ಆದರೆ ಮೇಲಿನ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದರೆ ನಿಮ್ಮ ರಂಗದ ಬೆಳಕು 6 ಇವಿಯ ಹತ್ತಿರ ಇದೆ. 1500ಡಿಯ ಮಿತಿ 0 ಇವಿ. ಫೋಕಸ್‌ಗೆ ಅಲ್ಲಿ ಬೆಳಕಿನ ಕೊರತೆಯೇ ಇಲ್ಲ.

50 ಸಾಕೋ, 85 ಬೇಕೋ ಅನ್ನುವುದು ನೀವು ನಿಲ್ಲುವ ಜಾಗದ ಮೇಲೆ ಹೋಗುತ್ತದೆ. 1500ಡಿ ಸೆನ್ಸರ್ 22.3 × 14.9 ಮಿ.ಮೀ. ಕ್ಯಾಮೆರಾ ಲಂಬವಾಗಿ ಹಿಡಿದು 50 ಮಿ.ಮೀ.ನಲ್ಲಿ 6 ಮೀಟರ್ ದೂರದಿಂದ ನೋಡಿದರೆ ಸುಮಾರು 2.7 ಮೀಟರ್ ಎತ್ತರ, 1.8 ಮೀಟರ್ ಅಗಲ ಕಾಣುತ್ತದೆ. ಕಿರೀಟ ಸಮೇತ ಒಂದು ಪೂರ್ತಿ ವೇಷ, ಮೇಲೆ ಕೆಳಗೆ ಚೂರು ಉಸಿರಾಡುವ ಜಾಗ. 85 ಮಿ.ಮೀ.ನಲ್ಲಿ ಇಷ್ಟೇ ಚೌಕಟ್ಟು ಬೇಕಾದರೆ 10 ಮೀಟರ್ ಹಿಂದೆ ಹೋಗಬೇಕು. ಅಂದರೆ ಐದಾರು ಮೀಟರಿಗೆ 50 ಹೇಳಿ ಮಾಡಿಸಿದ್ದು. ಅದೇ ಜಾಗದಿಂದ 85 ಹಾಕಿದರೆ ಸೊಂಟದಿಂದ ಮೇಲಿನ ಚಿತ್ರ. ಗಮನಿಸಿ, 6ಡಿಯಲ್ಲಿ 50 ಲೆನ್ಸ್ ಇದಕ್ಕಿಂತ 1.6 ಪಟ್ಟು ಅಗಲ ನೋಡುತ್ತದೆ. ಈ ಚೌಕಟ್ಟಿಗೇ 85 ಕೊಳ್ಳಬೇಕಾಗುತ್ತದೆ. ಆ ಬಾಡಿಯ ನಿಜವಾದ ಬೆಲೆ 38,000 ಅಲ್ಲ.

ಎಫ್/1.8ರಲ್ಲೇ ಹೊಡೆಯಬೇಡಿ, ಎಫ್/2ಕ್ಕೆ ಇಳಿಸಿ. ಅಂಚಿನ ಮಬ್ಬು ಕಡಿಮೆಯಾಗುತ್ತದೆ. 6 ಮೀಟರ್ ದೂರದಲ್ಲಿ ಎಫ್/2ಗೆ ಫೋಕಸ್ ಆಳ ಸುಮಾರು 1.1 ಮೀಟರ್ ಸಿಗುತ್ತದೆ, ಒಬ್ಬ ವೇಷಧಾರಿಗೆ ಧಾರಾಳ. ಇಬ್ಬರು ಹಿಂದೆ ಮುಂದೆ ನಿಂತರೆ ಎಫ್/2.8.

ಅಂಗಡಿಯಲ್ಲಿ ಹಳೆಯ 50 ಎಫ್/1.8 II ತೋರಿಸಿದರೆ ಅದು ಪ್ಲಾಸ್ಟಿಕ್ ಮೌಂಟಿನದು, ಫೋಕಸ್ ಗಡಗಡ ಸದ್ದು ಮಾಡುತ್ತದೆ. 2015ರಲ್ಲಿ ಬಂದ ಎಸ್‌ಟಿಎಂ ಲೋಹದ ಮೌಂಟಿನದು, ಫಿಲ್ಟರ್ ಅಳತೆ 49 ಮಿ.ಮೀ. ಪೆಟ್ಟಿಗೆಯ ಮೇಲೆ "ಆರ್‌ಎಫ್ 50" ಅಂತಿದ್ದರೆ ಮುಟ್ಟಬೇಡಿ. ಅದು ಮಿರರ್‌ಲೆಸ್‌ಗೆ, ನಿಮ್ಮ ಕ್ಯಾಮೆರಾಗೆ ಯಾವ ಅಡಾಪ್ಟರ್ ಹಾಕಿದರೂ ಆಗದು.

ಕತ್ತಲಕೋಣೆ

ಲೆನ್ಸ್ ಮಾತು ಮೇಲಿನವರು ಮುಗಿಸಿದ್ದಾರೆ. ಆದರೆ ಎವಿ ಮೋಡ್‌ನಲ್ಲೇ ಉಳಿದರೆ ಆ ಲೆನ್ಸಿನಲ್ಲೂ ಮುಖ ಸುಡುತ್ತದೆ. ಸೆಟ್ಟಿಂಗ್ ಹೀಗೆ ಬದಲಿಸಿ.

ಮೋಡ್ ಡಯಲ್ ಎಂಗೆ (ಮ್ಯಾನ್ಯುಯಲ್) ತಿರುಗಿಸಿ. ಶಟರ್ ಬಟನ್ ಬಳಿಯ ಚಕ್ರ ತಿರುಗಿಸಿದರೆ ವೇಗ ಬದಲಾಗುತ್ತದೆ. ಹಿಂದಿನ ಎವಿ ಬಟನ್ ಒತ್ತಿ ಹಿಡಿದು ಅದೇ ಚಕ್ರ ತಿರುಗಿಸಿದರೆ ಅಪರ್ಚರ್. 1/250, ಎಫ್/2, ಐಎಸ್‌ಒ 1600. ಇದು ಆರಂಭ ಮಾತ್ರ. ಪೂರ್ವರಂಗದ ಬಾಲಗೋಪಾಲ, ಸ್ತ್ರೀವೇಷಗಳ ಹೊತ್ತಿಗೇ ಹತ್ತು ಚಿತ್ರ ತೆಗೆದು ಲೆಕ್ಕ ಕೂರಿಸಿಕೊಳ್ಳಿ. ಪ್ರಸಂಗ ಶುರುವಾದ ಮೇಲೆ ಬಟನ್ ಹುಡುಕುತ್ತ ಕೂರಬಾರದು.

ಲೆಕ್ಕ ಕೂರಿಸುವುದು ಪರದೆಯ ಹೊಳಪು ನೋಡಿಕೊಂಡಲ್ಲ. ಕತ್ತಲಲ್ಲಿ ಪರದೆ ಯಾವಾಗಲೂ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಮೆನುವಿನಲ್ಲಿ ಹಿಸ್ಟೊಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಅನ್ನು ಆರ್‌ಜಿಬಿಗೆ ಇಡಿ. ಚಿತ್ರ ನೋಡುವಾಗ ಡಿಸ್ಪ್ (DISP) ಬಟನ್ ಒತ್ತಿದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ಗುಡ್ಡಗಳಾಗಿ ಕಾಣುತ್ತವೆ. ನಿಮ್ಮ "ಕೆಂಪು ಮುದ್ದೆ"ಗೆ ಉತ್ತರ ಅಲ್ಲಿದೆ. ಕೆಂಪು ಬಟ್ಟೆಯ ಮೇಲೆ ಹಳದಿಗೆ ವಾಲಿದ ದೀಪ ಬಿದ್ದರೆ ಕೆಂಪು ಗುಡ್ಡ ಬಲಗೋಡೆಗೆ ಗುದ್ದಿ ನಿಂತಿರುತ್ತದೆ, ಉಳಿದೆರಡು ನಡುವಿನಲ್ಲೇ ಇರುತ್ತವೆ. ಒಟ್ಟು ಬೆಳಕಿನ ಹಿಸ್ಟೊಗ್ರಾಮ್‌ನಲ್ಲಿ ಇದು ಕಾಣುವುದೇ ಇಲ್ಲ. ಗುದ್ದಿದ ಮೇಲೆ ನೆರಿಗೆಯ ವಿವರ ಹೋಯಿತು ಅಂತಲೇ ಅರ್ಥ. ಕೆಂಪು ಗೋಡೆಯಿಂದ ಚೂರು ಈಚೆ ಬರುವ ತನಕ ವೇಗ ಹೆಚ್ಚಿಸಿ, 1/320, 1/400.

ಪಿಕ್ಚರ್ ಸ್ಟೈಲ್ ಅನ್ನು ನ್ಯೂಟ್ರಲ್‌ಗೆ ಇಡಿ. ನೀವು ರಾ (ಸೆನ್ಸರ್ ಹಿಡಿದ ಕಚ್ಚಾ ಚಿತ್ರ) ತೆಗೆದರೂ ಹಿಸ್ಟೊಗ್ರಾಮ್ ಲೆಕ್ಕ ಹಾಕುವುದು ಜೆಪೆಗ್‌ನಿಂದ. ಸ್ಟ್ಯಾಂಡರ್ಡ್ ಸ್ಟೈಲ್ ಕೆಂಪನ್ನು ಇನ್ನಷ್ಟು ಏರಿಸಿ ಸುಳ್ಳು ಗಾಬರಿ ಹುಟ್ಟಿಸುತ್ತದೆ. ಆಟೊ ಲೈಟಿಂಗ್ ಆಪ್ಟಿಮೈಜರ್ ಬಂದ್ ಮಾಡಿ, ಅದು ಕಪ್ಪನ್ನು ಎತ್ತಿ ಕಾಳು ತೋರಿಸುತ್ತದೆ.

ಜೆಪೆಗ್ ಬಿಟ್ಟು ರಾ. ಬಣ್ಣದ ದೀಪದಡಿ ಇದರಲ್ಲಿ ರಾಜಿ ಬೇಡ. ಒಂದು ಚಿತ್ರಕ್ಕೆ ಸುಮಾರು 25-30 ಎಂಬಿ ಆಗುತ್ತದೆ, 32 ಜಿಬಿ ಕಾರ್ಡಿನಲ್ಲಿ ಸಾವಿರದಷ್ಟು ಹಿಡಿಯುತ್ತವೆ. ರಾ ಜೊತೆ ಜೆಪೆಗ್ ಕೂಡ ಇಟ್ಟರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ಬೇಗ ತುಂಬಿ, ಸರಿಯಾದ ಕ್ಷಣಕ್ಕೆ ಕ್ಯಾಮೆರಾ "ಬಿಝಿ" ಅನ್ನುತ್ತದೆ. ದುಬಾರಿ ಯುಎಚ್‌ಎಸ್-2 ಕಾರ್ಡ್ ಕೊಂಡರೂ ಈ ಕ್ಯಾಮೆರಾದಲ್ಲಿ ಉಪಯೋಗವಿಲ್ಲ.

1500ಡಿಯಲ್ಲಿ ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಯಾವುದೆಂದು ಕ್ಯಾಮೆರಾಗೆ ಹೇಳುವುದು) ಕೆಲ್ವಿನ್ ಸಂಖ್ಯೆ ಹಾಕಲು ಬರುವುದಿಲ್ಲ. ಆಟೊ ಬಿಟ್ಟು ಯಾವುದಾದರೂ ಒಂದಕ್ಕೆ ಕಟ್ಟಿಹಾಕಿ, ಟಂಗ್‌ಸ್ಟನ್ ಆಗಬಹುದು, ಡೇಲೈಟ್ ಆಗಬಹುದು. ಎಲ್ಲ ಚಿತ್ರದ ಬಣ್ಣ ಒಂದೇ ಥರ ತಪ್ಪಿದ್ದರೆ ಮನೆಯಲ್ಲಿ ಒಂದೇ ಸಲ ತಿದ್ದಬಹುದು. ತಿದ್ದುವಾಗ ಭಾಗವತರ ಬಿಳಿ ಪಂಚೆ ಇರುವ ಒಂದು ಚಿತ್ರ ಇದ್ದರೆ ಸಾಕು, ಬಿಳಿ ಯಾವುದೆಂದು ಅಲ್ಲಿ ಕ್ಲಿಕ್ ಮಾಡಿದರೆ ಉಳಿದದ್ದಕ್ಕೆಲ್ಲ ಅದನ್ನೇ ಅಂಟಿಸಬಹುದು. ಆದರೆ ಆ ಪಂಚೆಗೂ ನಡು ರಂಗಕ್ಕೂ ಒಂದೇ ದೀಪ ಬೀಳುತ್ತಿರಬೇಕು.

ಫೋಕಸ್: ಬಲದ ಕೀಲಿ ಒತ್ತಿ ಎಐ ಸರ್ವೊ (ಚಲಿಸುವುದನ್ನು ಬೆನ್ನಟ್ಟುವ ಫೋಕಸ್) ಆರಿಸಿ, ಬಿಂದು ನಡುವಿನದೊಂದೇ. ಒಂಬತ್ತರಲ್ಲಿ ಅದೊಂದು ಮಾತ್ರ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವಂಥದ್ದು. ಒಂಬತ್ತನ್ನೂ ತೆರೆದಿಟ್ಟರೆ ಅದು ಹಿಡಿಯುವುದು ಮುಖವನ್ನಲ್ಲ, ಹತ್ತಿರಕ್ಕೆ ಚಾಚಿದ ಕೈಯನ್ನೋ ಮಿನುಗುವ ಎದೆಪದಕವನ್ನೋ. ಕಸ್ಟಮ್ ಫಂಕ್ಷನ್‌ಗಳಲ್ಲಿ ಶಟರ್/ಎಇ ಲಾಕ್ ಬಟನ್ ಅನ್ನುವುದನ್ನು "ಎಇ ಲಾಕ್/ಎಎಫ್" ಮಾಡಿಕೊಂಡರೆ ಫೋಕಸ್ ಕೆಲಸ ಹೆಬ್ಬೆರಳಿನಡಿಯ ನಕ್ಷತ್ರ ಗುರುತಿನ ಬಟನ್‌ಗೆ ಹೋಗುತ್ತದೆ, ಶಟರ್ ಬರೀ ಶಟರ್ ಆಗುತ್ತದೆ. ಎರಡು ದಿನ ಬೆರಳು ತಡವರಿಸುತ್ತದೆ, ಆಮೇಲೆ ಹಿಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ.

ಅಡ್ಡ ಪಟ್ಟೆಯ ವಿಷಯ. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ, ಟ್ಯೂಬ್, ಲೋಹದ ಆವಿಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1500ಡಿಯಲ್ಲಿ 1/200ರ ತನಕ ಶಟರ್ ಒಂದು ಕ್ಷಣವಾದರೂ ಪೂರ್ತಿ ತೆರೆದಿರುತ್ತದೆ. ಅದಕ್ಕಿಂತ ವೇಗವಾದರೆ ಒಂದು ಸೀಳು ಸೆನ್ಸರಿನ ಮೇಲೆ ಹಾದುಹೋಗುತ್ತದೆ, ಹಾದುಹೋಗುವಾಗ ದೀಪ ಮಂಕಾದ ಜಾಗದಲ್ಲಿ ಪಟ್ಟೆ. 1/500ರಲ್ಲಿ ನಿಮಗೆ ಕಂಡದ್ದು ಇದೇ. 1/250ರಲ್ಲೂ ಸ್ವಲ್ಪ ಬರಬಹುದು. ಬಂದರೆ 1/200, ಆಗ ಪಟ್ಟೆ ಹೆಚ್ಚುಕಡಿಮೆ ಹೋಗುತ್ತದೆ, ಆದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು ಆಗುತ್ತದೆ. ಪೂರ್ತಿ ಪರಿಹಾರ 1/100 ಮಾತ್ರ. ಒಂದು ಮಿನುಗು ಪೂರ್ತಿ ಒಳಗೆ ಬರುತ್ತದಲ್ಲ.

1/100ರಲ್ಲಿ ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಿಡಿಯಲು ಆಗದು, ಅದು ಕಲಸುವುದೇ. ಆದರೆ ತಾಳದ ಮುಕ್ತಾಯಕ್ಕೆ ವೇಷ ಒಂದು ಗಳಿಗೆ ಕಲ್ಲಾಗಿ ನಿಲ್ಲುತ್ತದೆ. ಚಂಡೆ ಕೇಳುತ್ತಿದ್ದರೆ ಅದು ಬರುವುದು ಮೊದಲೇ ಗೊತ್ತಾಗುತ್ತದೆ. ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒತ್ತಿ ಹಿಡಿಯುವುದಕ್ಕಿಂತ ಕಿವಿಯನ್ನು ನಂಬುವುದು ಲಾಭ.

ಕೊನೆಗೆ, ಬೀಪ್ ಬಂದ್ ಮಾಡಿ. ಇಮೇಜ್ ರಿವ್ಯೂ ಕೂಡ ಬಂದ್ ಮಾಡಿ. ಪ್ರತಿ ಚಿತ್ರಕ್ಕೂ ಬೆಳಗುವ ಪರದೆ ಹಿಂದೆ ಕೂತವರ ಕಣ್ಣಿಗೆ ಹೊಡೆಯುತ್ತದೆ.

ಕೋಡಿಕರೆ

ಇಬ್ಬರಿಗೂ ವಂದನೆ. 50 ಎಸ್‌ಟಿಎಂ ತೆಗೆದುಕೊಳ್ಳುವುದು ಖಾತ್ರಿ. ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ 85 ಎಫ್/1.8 ನೋಡೋಣ ಅಂತಿದ್ದೇನೆ. ಕೊಳ್ಳುವಾಗ ಏನು ನೋಡಬೇಕು? ನಮ್ಮ ಮನೆ ಕಡಲಿಗೆ ಹತ್ತಿರ, ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಇನ್ನೊಂದು ಪ್ರಶ್ನೆ: ಎಂ ಮೋಡ್‌ನಲ್ಲಿ ಇಟ್ಟು, ನಡುವೆ ದೀಪ ಬದಲಾದರೆ? ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುವಾಗ ಏನು ಮಾಡುವುದು?

ಕತ್ತಲಕೋಣೆ

ವೇಗ, ಅಪರ್ಚರ್ ಎರಡನ್ನೂ ಹಾಗೇ ಬಿಟ್ಟು ಐಎಸ್‌ಒ ಮಾತ್ರ ಏರಿಸಿ ಇಳಿಸಿ. ಮೇಲಿನ ಕೀಲಿ ಒತ್ತಿದರೆ ಐಎಸ್‌ಒ ತೆರೆಯುತ್ತದೆ, ಒಂದು ಹಲ್ಲಿಗೆ ಒಂದು ಸ್ಟಾಪ್. ನೋಡದೆ ಮಾಡುವಷ್ಟು ಅಭ್ಯಾಸವಾಗಲಿ. ಎಂ ಮೋಡ್‌ನಲ್ಲಿ ಆಟೊ ಐಎಸ್‌ಒ ಇಡಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಈ ಕ್ಯಾಮೆರಾದಲ್ಲಿ ಹಾಗೆ ಇಟ್ಟರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವುದು) ಕೆಲಸ ಮಾಡುವುದಿಲ್ಲ, ಕಪ್ಪು ಹಿನ್ನೆಲೆಯಿಂದಾಗಿ ಮತ್ತೆ ಮುಖ ಸುಡುತ್ತದೆ.

ರಾಳ ಬೇರೆಯದೇ ಆಟ. ಬಣ್ಣದ ವೇಷ (ರಾಕ್ಷಸ ಪಾತ್ರ) ದೊಂದಿಯ ಜೊತೆ ಬರುವುದು ಕಂಡ ಕೂಡಲೇ ಎರಡು ಸ್ಟಾಪ್ ಇಳಿಸಿ, 1600 ಇದ್ದರೆ 400. ಬೆಂಕಿ ಭುಗಿಲೆದ್ದ ಕ್ಷಣದಲ್ಲಿ ಮುಖಕ್ಕೆ ಆ ಬೆಂಕಿಯದೇ ಬೆಳಕು ಸಾಕಾಗುತ್ತದೆ. ಬೆಂಕಿಯ ನಡುಭಾಗ ಬಿಳಿಯಾಗಿಯೇ ಬರುತ್ತದೆ, ಅದನ್ನು ಉಳಿಸಲು ಹೋದರೆ ವೇಷ ಕತ್ತಲಾಗುತ್ತದೆ. ಜ್ವಾಲೆಯ ಅಂಚಿನ ಕಿತ್ತಳೆ ಉಳಿದರೆ ಸಾಕು. ಫೋಕಸನ್ನು ಮೊದಲೇ ಹಿಡಿದು ಹೆಬ್ಬೆರಳು ಬಿಟ್ಟುಬಿಡಿ, ಇಲ್ಲದಿದ್ದರೆ ಅದು ಹೊಗೆಯ ಹಿಂದೆ ಓಡುತ್ತದೆ.

ಘಟ್ಟದಮಳೆ

ಸೆಕೆಂಡ್ ಹ್ಯಾಂಡ್ ಲೆನ್ಸ್, ಅದರಲ್ಲೂ ಕರಾವಳಿ ಅಥವಾ ಮಲೆನಾಡಿನಲ್ಲಿ ಕೈ ಬದಲಾದದ್ದಾದರೆ, ಮೊದಲು ನೋಡಬೇಕಾದ್ದು ಬೂಸ್ಟು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಬಿಡಿ ಬಿಡಿ ಚುಕ್ಕೆ ಕಂಡರೆ ಅದು ದೂಳು, ಚಿತ್ರಕ್ಕೆ ಏನೂ ಆಗದು, ಚೌಕಾಸಿಗೆ ಮಾತ್ರ ಬಳಸಿ. ಜೇಡರ ಬಲೆಯಂತೆಯೋ ಬೇರಿನ ಕೂದಲಂತೆಯೋ ಕವಲೊಡೆದಿದ್ದರೆ ಫಂಗಸ್. ಒಳಗಿನ ಗಾಜಿನ ಮೇಲಿದ್ದರೆ ಬಿಚ್ಚಿ ತೊಳೆಯಬೇಕು, ತೊಳೆದ ಮೇಲೂ ಅದು ತಿಂದುಹಾಕಿದ ಲೇಪ ಮರಳುವುದಿಲ್ಲ. ರಂಗದ ದೀಪ ಎದುರಿಗಿದ್ದಾಗ ಅಂಥ ಲೆನ್ಸಿನಲ್ಲಿ ಚಿತ್ರವೆಲ್ಲ ಹಾಲು ಚೆಲ್ಲಿದಂತಾಗುತ್ತದೆ. ಎಷ್ಟು ಅಗ್ಗವಾದರೂ ಬೇಡ.

ಆಮೇಲೆ ಕ್ಯಾಮೆರಾಗೆ ಹಾಕಿ ಎಫ್/1.8, ಎಫ್/4, ಎಫ್/16ರಲ್ಲಿ ಒಂದೊಂದು ಚಿತ್ರ ತೆಗೆಯಿರಿ, ಎವಿ ಮೋಡ್‌ನಲ್ಲಿ. ಮೂರೂ ಒಂದೇ ಬೆಳಕಿನಲ್ಲಿ ಬರಬೇಕು. ಎಫ್/16ರದ್ದು ಬೆಳ್ಳಗಾದರೆ ಎಣ್ಣೆ ಹತ್ತಿದ ಅಪರ್ಚರ್ ಎಲೆಗಳು ಸಮಯಕ್ಕೆ ಮುಚ್ಚಿಕೊಳ್ಳುತ್ತಿಲ್ಲ. ಪರದೆಯಲ್ಲಿ "ಎರರ್ 01" ಬಂದರೆ ಲೆನ್ಸ್ ಮತ್ತು ಬಾಡಿಯ ನಡುವೆ ಮಾತು ಕಡಿದಿದೆ. ಚಿನ್ನದ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿ, ಆಗಲೂ ಬಂದರೆ ಎದ್ದು ಬನ್ನಿ. ಗೋಡೆಗೆ ಪತ್ರಿಕೆಯ ಒಂದು ಪುಟ ಅಂಟಿಸಿ ನೇರ ಎದುರಿನಿಂದ ಎಫ್/2ರಲ್ಲಿ ತೆಗೆದು, ಎಡ ಬಲ ಮೂಲೆಗಳ ಅಕ್ಷರ ಹೋಲಿಸಿ. ಎರಡೂ ಒಂದೇ ಸಮ ಮಬ್ಬಾದರೆ ಲೆನ್ಸಿನ ಸ್ವಭಾವ. ಒಂದು ಕಡೆ ಮಾತ್ರ ಮಬ್ಬಾದರೆ ಎಲ್ಲೋ ಬಿದ್ದಿದೆ. ಈ 85 ಲೆನ್ಸ್ 1992ರಲ್ಲಿ ಮಾರಾಟಕ್ಕೆ ಬಂದದ್ದು, ಮೂವತ್ತು ವರ್ಷ ದಾಟಿದವೂ ತಿರುಗಾಡುತ್ತಿವೆ. ಫೋಕಸ್ ಉಂಗುರ ಎಲ್ಲೂ ಸಿಕ್ಕಿಕೊಳ್ಳದೆ ತಿರುಗಬೇಕು.

ಇಡುವುದು. ಚರ್ಮದ ಚೀಲ, ಬಟ್ಟೆಯ ಕ್ಯಾಮೆರಾ ಬ್ಯಾಗ್ ಎರಡೂ ತೇವ ಹಿಡಿದಿಡುತ್ತವೆ. ಜೂನ್‌ನಿಂದ ಅಕ್ಟೋಬರ್ ತನಕ ಅವುಗಳಲ್ಲಿ ಕ್ಯಾಮೆರಾ ಇಡಲೇಬೇಡಿ. ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ಹತ್ತು ಲೀಟರಿನ ಅಡುಗೆಮನೆ ಡಬ್ಬ ಸಾಕು. ಒಳಗೆ ಕಾಲು ಕಿಲೊ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೊಮೀಟರ್. ಮುಳ್ಳು 40-50ರ ನಡುವೆ ಇರಲಿ. 60 ದಾಟಿತೆಂದರೆ ಜೆಲ್ ಕುಡಿದು ತೃಪ್ತಿಯಾಗಿದೆ. 30ಕ್ಕಿಂತ ಕೆಳಗೂ ಬೇಡ, ರಬ್ಬರಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣ ತಿರುಗಿದ ಜೆಲ್ಲನ್ನು 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಸಿದ್ಧ, ಆದರೆ ಅದಕ್ಕೆ ಬಳಸಿದ ಪಾತ್ರೆಯನ್ನು ಅಡುಗೆಗೆ ಮರಳಿಸಬೇಡಿ. ಜೆಲ್ ಬದಲಿಗೆ ಅಕ್ಕಿ ಹಾಕುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ, ತೇವ ಮಾತ್ರ ಡಬ್ಬದಲ್ಲೇ ಇರುತ್ತದೆ.

ಎಸಿ ಕಾರಿನಿಂದ ಇಳಿದು ಕಡಲ ಗಾಳಿಗೆ ನೇರ ತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ, ಬಾಡಿಯೊಳಗೂ. ಜಿಪ್ ಚೀಲದಲ್ಲಿ ಹಾಕಿ ಅರ್ಧ ಗಂಟೆ ಹಾಗೇ ಬಿಡಿ. ಇಲ್ಲವಾದರೆ ತಲಪುವ ಮೊದಲೇ ಎಸಿ ಬಂದ್ ಮಾಡಿ.

ಮಿರರ್‌ಲೆಸ್ ಮಾಣಿ

ಎಲ್ಲರೂ ಲೆನ್ಸ್ ಲೆನ್ಸ್ ಅನ್ನುತ್ತಿದ್ದೀರಿ, ಒಪ್ಪಿದೆ. ಆದರೆ ಕ್ಯಾಮೆರಾ ವಿಷಯವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ಮಾರಾಯ್ರೆ. ಕ್ಯಾನನ್‌ನ ಗಮನ 2018ರ ಇಒಎಸ್ ಆರ್ ನಂತರ ಮಿರರ್‌ಲೆಸ್ ಮೇಲೆಯೇ. 2023ರಲ್ಲಿ ಬಂದ ಆರ್50ರಲ್ಲಿ ಫೋಕಸ್ ಚೌಕಟ್ಟಿನ ಬಹುಪಾಲು ಕಡೆ ಸಿಗುತ್ತದೆ, ಮುಖ ಹಿಂಬಾಲಿಸುತ್ತದೆ. ಎಲ್ಲಕ್ಕಿಂತ ದೊಡ್ಡದು, ಎಂ ಮೋಡ್‌ನಲ್ಲಿ ಒತ್ತುವ ಮೊದಲೇ ಚಿತ್ರ ಹೇಗೆ ಬರುತ್ತದೆಂದು ಕಿಂಡಿಯಲ್ಲೇ ಕಾಣುತ್ತದೆ. ಮುಖ ಸುಡುವುದನ್ನು ಮೊದಲೇ ನೋಡಿ ಇಳಿಸಬಹುದು. ಹೊಸಬರಿಗೆ ಇದು ಹಿಸ್ಟೊಗ್ರಾಮ್ ಪಾಠಕ್ಕಿಂತ ಬೇಗ ಹತ್ತುತ್ತದೆ.

ಆದರೂ ಈಗಲೇ ಸಾಲ ಮಾಡಿ ಕಿಟ್ ಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಅದರ ಜೊತೆ ಬರುವ 18-45 ಲೆನ್ಸ್ ಎಫ್/4.5-6.3. ಉದ್ದದ ತುದಿಯಲ್ಲಿ ಈಗ ನಿಮ್ಮ ಬಳಿ ಇರುವುದಕ್ಕಿಂತಲೂ ಕತ್ತಲು! 50 ಮತ್ತು 85 ಈಗ ಕೊಳ್ಳಿ, ಬಾಡಿ ಮುಂದೆ ನೋಡೋಣ. ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಎರಡೂ ಅಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಅಡಾಪ್ಟರಿನಲ್ಲಿ ಗಾಜಿಲ್ಲ, ಹಾಗಾಗಿ ಚಿತ್ರ ಕೆಡುವುದಿಲ್ಲ.

ಮುಂದೆ ಕೊಂಡರೆ ಎರಡು ಎಚ್ಚರ. ಸದ್ದಿಲ್ಲದ ಶಟರ್ ಇದೆ ಅಂತ ಆಟದಲ್ಲಿ ಅದನ್ನು ಹಾಕಬೇಡಿ. ಅದು ಸೆನ್ಸರನ್ನು ಸಾಲು ಸಾಲಾಗಿ ನಿಧಾನಕ್ಕೆ ಓದುತ್ತದೆ, ಎಲ್‌ಇಡಿ ಅಡಿಯಲ್ಲಿ ಪಟ್ಟೆಗಳು ಒಂದಲ್ಲ ಹತ್ತು ಬರುತ್ತವೆ, ಬೀಸಿದ ಗದೆ ಬಾಗಿದಂತೆ ಕಾಣುತ್ತದೆ. ಕಣ್ಣು ಗುರುತಿಸುವ ಫೋಕಸ್ ಸ್ತ್ರೀವೇಷಕ್ಕೆ ಸರಿ, ಮುಖವರ್ಣಿಕೆ ದಟ್ಟವಾದ ಬಣ್ಣದ ವೇಷಕ್ಕೆ ಅದನ್ನೇ ನಂಬಿ ಕೂರಬೇಡಿ. ಒಂದು ಬಿಂದುವಿಗೆ ಬದಲಿಸುವುದು ಹೇಗೆಂದು ಗೊತ್ತಿರಲಿ.

ಅರ್ಧಸ್ಟಾಪ್

ಮಾಣಿ ಹೇಳಿದ್ದರಲ್ಲಿ ಸತ್ಯ ಇದೆ. ನಡುವಿನ ಒಂದೇ ಬಿಂದುವಿನಲ್ಲಿ ಹೊಡೆದರೆ ಮುಖ ಯಾವಾಗಲೂ ನಡುವಿಗೆ ಬಂದು, ಕಾಲಡಿ ಕತ್ತರಿಸಿ, ಕಿರೀಟದ ಮೇಲೆ ಖಾಲಿ ಉಳಿಯುತ್ತದೆ. ಇದಕ್ಕೆ ದಾರಿ, ಬೇಕಾದ್ದಕ್ಕಿಂತ ಅಗಲವಾಗಿ ತೆಗೆದು ಆಮೇಲೆ ಕತ್ತರಿಸುವುದು. ಚಿತ್ರ 6000 × 4000 ಪಿಕ್ಸೆಲ್. ಎರಡೂ ಕಡೆ ಶೇ. 60 ಉಳಿಸಿಕೊಂಡರೂ 3600 × 2400 ಉಳಿಯುತ್ತದೆ, ಅದು 12 × 8 ಇಂಚಿನ ಒಳ್ಳೆಯ ಮುದ್ರಣಕ್ಕೆ ಸಾಕು. ಆದ್ದರಿಂದ 6 ಮೀಟರಿಗೆ 85ಕ್ಕಿಂತ 50 ಹೆಚ್ಚು ಉಪಯೋಗ. 85 ಕೊಳ್ಳುವ ಮೊದಲು ಒಂದು ತಿರುಗಾಟ (ಮೇಳದ ಒಂದು ಋತು) 50ರಲ್ಲೇ ತೆಗೆಯಿರಿ. 55-250ನ್ನು 85ಕ್ಕೆ ಇಟ್ಟು ಹಗಲು ಹೊತ್ತಿನಲ್ಲಿ ಚೌಕಟ್ಟು ನೋಡಿದರೂ ಅದು ನಿಮಗೆ ಬೇಕೋ ಬೇಡವೋ ಗೊತ್ತಾಗುತ್ತದೆ, ಖರ್ಚಿಲ್ಲದೆ.

ಕಂಪ್ಯೂಟರ್ ಕೆಲಸಕ್ಕೆ ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಶನಲ್ ಪುಕ್ಕಟೆ, ಡಾರ್ಕ್‌ಟೇಬಲ್ ಕೂಡ. ಕಾಳು ತೆಗೆಯುವ ಮೊದಲು ಕಪ್ಪನ್ನು ಕಪ್ಪಾಗಿಯೇ ಬಿಡಿ. ಹಿನ್ನೆಲೆಯ ನೆರಳನ್ನು ಎತ್ತದಿದ್ದರೆ ಅರ್ಧಕ್ಕರ್ಧ ಕಾಳು ಕಾಣುವುದೇ ಇಲ್ಲ. ಬಣ್ಣದ ಕಾಳನ್ನು ಧಾರಾಳವಾಗಿ ತೆಗೆಯಿರಿ, ಬೆಳಕಿನ ಕಾಳನ್ನು ಅಳೆದು ತೂಗಿ, ಇಲ್ಲದಿದ್ದರೆ ಮುಖವರ್ಣಿಕೆಯ ಸಣ್ಣ ಗೆರೆಗಳು ಮೇಣದಂತೆ ಕರಗುತ್ತವೆ. ಮತ್ತೆ, 1600ರಲ್ಲಿ ಕತ್ತಲಾಗಿ ತೆಗೆದು ಎತ್ತುವುದರಿಂದ ಕಾಳು ಕಡಿಮೆಯಾಗುತ್ತದೆ ಅನ್ನುವುದು ಭ್ರಮೆ. ಬೇಕಾದರೆ 3200ರಲ್ಲೇ ಸರಿಯಾಗಿ ತೆಗೆಯಿರಿ.

ಲೆನ್ಸ್ ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. 1500ಡಿಯಲ್ಲಿ ಫೋಕಸ್ ಸೂಕ್ಷ್ಮ ಹೊಂದಾಣಿಕೆಯ ಸೌಲಭ್ಯ ಇಲ್ಲ, ಬಾಡಿಗೂ ಲೆನ್ಸಿಗೂ ತಾಳ ಕೂಡದಿದ್ದರೆ ಬದಲಿಸಿಕೊಳ್ಳುವುದೊಂದೇ ದಾರಿ. ಟ್ರೈಪಾಡ್ ಮೇಲೆ ಕ್ಯಾಮೆರಾ, ಎರಡೂವರೆ ಮೀಟರ್ ದೂರದಲ್ಲಿ ಪುಸ್ತಕದ ರಟ್ಟಿನಂಥ ಚಪ್ಪಟೆ ಗುರಿ ನೇರ ನಿಲ್ಲಿಸಿ, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ. ಪಟ್ಟಿಯ ನಡುವಿನ ಅಂಕಿ ಗುರಿಯ ಸಮಕ್ಕೆ ಬರಲಿ. ಎಫ್/1.8, ಒನ್ ಶಾಟ್ ಫೋಕಸ್, ನಡುವಿನ ಬಿಂದು. ಪ್ರತಿ ಸಲವೂ ಫೋಕಸನ್ನು ಕೈಯಿಂದ ಪೂರ್ತಿ ಕೆಡಿಸಿ, ಕಿಂಡಿಯಿಂದ ಐದು ಚಿತ್ರ, ಲೈವ್ ವ್ಯೂನಿಂದ (ಹಿಂದಿನ ಪರದೆಯಲ್ಲಿ ನೋಡಿ) ಐದು. ಲೈವ್ ವ್ಯೂ ಸೆನ್ಸರಿನಲ್ಲೇ ನೋಡಿ ಫೋಕಸ್ ಮಾಡುವುದರಿಂದ ಅದು ನಿಧಾನ, ಆದರೆ ಸರಿ. ಕಿಂಡಿಯವು ಐದೂ ಒಂದೇ ದಿಕ್ಕಿಗೆ, ಪಟ್ಟಿಯ ಮೇಲೆ ಐದು ಸೆಂಟಿಮೀಟರಿಗಿಂತ ಹೆಚ್ಚು ಜರುಗಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ವಾಪಸ್ ಹೋಗಿ. ಒಂದೊಂದು ಒಂದೊಂದು ಕಡೆ ಹೋಗಿದ್ದರೆ ಬೆಳಕು ಸಾಲದೋ ಗುರಿಯಲ್ಲಿ ಗೆರೆಗಳು ಸಾಲದೋ ನೋಡಿ, ಕಿಟಕಿಯ ಹತ್ತಿರ ಇನ್ನೊಮ್ಮೆ ಮಾಡಿ.